ಹೂ ಬಿಟ್ಟ ಮೇಲೆ ಚುಕ್ಕಿ, ಪುಂಡಿ ಪಲ್ಲೆ ವಿಷವಾಗುತ್ತದೆಯೇ? ಹುಳಿ ಸೊಪ್ಪು ಮತ್ತು ಕಿಡ್ನಿ ಕಲ್ಲಿನ ನಿಜವಾದ ಲೆಕ್ಕ

ಚಳಿಗಾಲ ಮುಗಿಯುತ್ತ ಬಂದಂತೆ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜು ಓಡಾಡಲು ಶುರುವಾಗುತ್ತದೆ. ಒಕ್ಕಣೆ ಬೇರೆ ಬೇರೆ ಇದ್ದರೂ ತಿರುಳು ಒಂದೇ. ಹುಳಿ ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲವಿದೆ, ಗಿಡ ಹೂ ಬಿಟ್ಟ ಮೇಲೆ ಅದು ವಿಷವಾಗುತ್ತದೆ, ತಿಂದರೆ ಕಿಡ್ನಿ ಹೋಗುತ್ತದೆ, ಕೂಡಲೇ ಹತ್ತು ಜನರಿಗೆ ಕಳಿಸಿ. ಜೊತೆಗೆ ಕೆಂಪು ದಂಟಿನ, ದೊಡ್ಡ ಎಲೆಯ ಯಾವುದೋ ವಿದೇಶಿ ಗಿಡದ ಫೋಟೋ ಇರುತ್ತದೆ. ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೆಯ ಓಣಿಯಲ್ಲಿ ಮಾಳಿಗೆಯ ಮೇಲೆ ನಾಲ್ಕು ಕುಂಡ ಇಟ್ಟು ಚುಕ್ಕಿ, ಪುಂಡಿ, ಮೆಂತ್ಯ ಬೆಳೆದುಕೊಳ್ಳುವವರು ಇದನ್ನು ಓದಿದರೆ ಏನು ಮಾಡಬೇಕು? ಉಳಿದ ಸೊಪ್ಪನ್ನು ಕಿತ್ತು ಎಸೆಯಬೇಕೇ?

ಎಸೆಯಬೇಕಿಲ್ಲ. ಹೂ ಬಿಟ್ಟ ಚುಕ್ಕಿ ಅಥವಾ ಪುಂಡಿ ಇದ್ದಕ್ಕಿದ್ದಂತೆ ವಿಷವಾಗುವುದಿಲ್ಲ. ಆದರೆ ಮೆಸೇಜಿನಲ್ಲಿರುವ ಆಕ್ಸಾಲಿಕ್ ಆಮ್ಲದ ಮಾತು ಪೂರಾ ಸುಳ್ಳೂ ಅಲ್ಲ. ಎಷ್ಟು ತಿನ್ನುತ್ತೀರಿ, ಬೇಯಿಸಿ ತಿನ್ನುತ್ತೀರೋ ರಸ ಹಿಂಡಿ ಕುಡಿಯುತ್ತೀರೋ, ತಿನ್ನುವವರ ಕಿಡ್ನಿ ಹೇಗಿದೆ ಎಂಬ ಮೂರು ಪ್ರಶ್ನೆಗಳ ಮೇಲೆ ಎಲ್ಲವೂ ನಿಂತಿದೆ. ಈ ಮೂರನ್ನೂ ಬಿಟ್ಟು ಹೂವಿನ ಮೇಲೆ ತಪ್ಪು ಹೊರಿಸಿರುವುದೇ ಫಾರ್ವರ್ಡಿನ ತೊಂದರೆ.

ಫೋಟೋದಲ್ಲಿರುವ ಗಿಡ ಯಾವುದು?

ಅದು ರೂಬಾರ್ಬ್. ಚಳಿ ದೇಶಗಳಲ್ಲಿ ಹಿತ್ತಲಿನಲ್ಲಿ ಬೆಳೆಯುವ, ವರ್ಷವರ್ಷ ಅದೇ ಬೇರಿನಿಂದ ಚಿಗುರುವ ಗಿಡ. ಅದರ ಹುಳಿ ದಂಟನ್ನು ಸಕ್ಕರೆ ಹಾಕಿ ಬೇಯಿಸಿ ತಿನ್ನುತ್ತಾರೆ, ಎಲೆಯನ್ನು ಎಸೆಯುತ್ತಾರೆ. ಚೆನ್ನಾಗಿ ಬೆಳೆಯಲು ಅದಕ್ಕೆ ಕೊರೆಯುವ ಚಳಿಗಾಲ ಬೇಕಾದ್ದರಿಂದ ನಮ್ಮ ಬಯಲುಸೀಮೆಯಲ್ಲಿ ಅದು ಕಾಣಸಿಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ರೇವಲ್ಚಿನ್ನಿ ಮಾತ್ರ ಇದರದೇ ಹಿಮಾಲಯದ ಬಂಧುವಿನ ಬೇರು. ಭೇದಿಗೆ ಕೊಡುತ್ತಿದ್ದ ಹಳೆಯ ಔಷಧಿ ಅದು.

ರೂಬಾರ್ಬ್ ಎಲೆ ವಿಷ ಎಂಬ ಮಾತಿಗೆ ಒಂದು ಇತಿಹಾಸವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆಹಾರದ ಕೊರತೆಯಾದಾಗ, ಎಸೆಯುವ ರೂಬಾರ್ಬ್ ಎಲೆಯನ್ನೇ ಸೊಪ್ಪಿನಂತೆ ಬೇಯಿಸಿ ತಿನ್ನಬಹುದೆಂದು ಸಲಹೆ ಕೊಟ್ಟರು. ತಿಂದ ಕೆಲವರು ಕಾಯಿಲೆ ಬಿದ್ದರು, ಸಾವುಗಳೂ ವರದಿಯಾದವು. ಅಂದಿನಿಂದ ಆ ಎಲೆಗೆ ಕೆಟ್ಟ ಹೆಸರು. ಆದರೆ ಆ ಎಲೆಯಲ್ಲಿರುವ ಆಕ್ಸಾಲಿಕ್ ಆಮ್ಲ ತೂಕದ ಅರ್ಧ ಶೇಕಡಾ ಆಸುಪಾಸು. ನಾವು ನೀವು ತಿನ್ನುವ ಪಾಲಕ್‌ನಲ್ಲೂ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇರುತ್ತದೆ. ಹಾಗಾಗಿ ರೂಬಾರ್ಬ್ ಎಲೆಯ ಕೆಡುಕಿಗೆ ಆಕ್ಸಾಲಿಕ್ ಆಮ್ಲವೊಂದೇ ಕಾರಣವಿರಲಾರದು, ಅದರಲ್ಲಿರುವ ಬೇರೆ ರಾಸಾಯನಿಕಗಳ ಪಾತ್ರವೂ ಇರಬಹುದು ಎಂದು ಅನುಮಾನಿಸುವ ವಿಜ್ಞಾನಿಗಳಿದ್ದಾರೆ.

ನಮ್ಮ ಚುಕ್ಕಿ ಇಲ್ಲಿ ಹೇಗೆ ಸಿಕ್ಕಿಹಾಕಿಕೊಂಡಿತು? ಮರಾಠಿ ಬಲ್ಲವರು ಅಂಬಟ್ ಚುಕ್ಕಾ ಎನ್ನುವ, ಊರಿಗೊಂದು ಹೆಸರಿರುವ ಈ ಹುಳಿ ಸೊಪ್ಪಿನ ಸಸ್ಯಶಾಸ್ತ್ರೀಯ ಹೆಸರು ರೂಮೆಕ್ಸ್ ವೆಸಿಕೇರಿಯಸ್. ಇದೂ ರೂಬಾರ್ಬೂ ಪಾಲಿಗೋನೇಸಿ ಎಂಬ ಒಂದೇ ಕುಟುಂಬದವು. ಇಂಗ್ಲಿಷಿನ ಲೇಖನವನ್ನು ಯಾರೋ ಅರ್ಧ ಓದಿ, ಒಂದೇ ಕುಟುಂಬ ಅಂದಮೇಲೆ ಒಂದೇ ವಿಷ ಎಂದು ತೀರ್ಮಾನಿಸಿದರೆ ಇಂಥ ಮೆಸೇಜು ಹುಟ್ಟುತ್ತದೆ. ಹಾಗೆ ನೋಡಿದರೆ ಬದನೆಕಾಯಿ, ಮೆಣಸಿನಕಾಯಿ, ಆಲೂಗಡ್ಡೆ ಮೂರೂ ದತ್ತೂರಿಯ ಕುಟುಂಬದವು. ಎಣ್ಣೆಗಾಯಿ ತಿಂದು ಯಾರಿಗೂ ದತ್ತೂರಿಯ ಮಂಕು ಹಿಡಿದಿಲ್ಲ.

ಪುಂಡಿಯಂತೂ ದೂರದ ನೆಂಟನೂ ಅಲ್ಲ. ಅದು ದಾಸವಾಳದ ಕುಲದ್ದು. ನಮ್ಮಲ್ಲಿ ಪುಂಡಿ ಎಂದು ಕರೆಯುವ ಗಿಡಗಳು ಎರಡು. ಒಂದು ಹಿಬಿಸ್ಕಸ್ ಕ್ಯಾನಬಿನಸ್, ನಾರಿಗಾಗಿಯೂ ಬೆಳೆಯುವಂಥದ್ದು. ಇನ್ನೊಂದು ಹಿಬಿಸ್ಕಸ್ ಸಬ್ಡಾರಿಫಾ, ಕೆಂಪು ದಪ್ಪ ಪುಷ್ಪಪಾತ್ರೆಯದು, ಆಂಧ್ರದವರು ಗೋಂಗೂರ ಎನ್ನುವುದು. ಎರಡರ ಎಲೆಯೂ ಹುಳಿ, ಎರಡೂ ಪಲ್ಲೆಗೆ ಬರುತ್ತವೆ.

ಹುಳಿ ಇದ್ದರೆ ಆಕ್ಸಾಲಿಕ್ ಆಮ್ಲ ಜಾಸ್ತಿಯೇ?

ಇಲ್ಲಿ ಬಹಳ ಜನ ಎಡವುತ್ತಾರೆ. ನಾಲಿಗೆಗೆ ಹುಳಿ ಎನಿಸುವುದು ಬೇರೆ, ಆಕ್ಸಲೇಟ್ ಎಷ್ಟಿದೆ ಎಂಬುದು ಬೇರೆ. ಹುಣಸೆಹಣ್ಣಿನ ಹುಳಿ ಹೆಚ್ಚಾಗಿ ಟಾರ್ಟಾರಿಕ್ ಆಮ್ಲದ್ದು, ನಿಂಬೆಯದು ಸಿಟ್ರಿಕ್ ಆಮ್ಲದ್ದು. ಚುಕ್ಕಿಯಲ್ಲಿ ಆಕ್ಸಾಲಿಕ್ ಆಮ್ಲದ ಪಾಲು ನಿಜಕ್ಕೂ ದೊಡ್ಡದು. ಆದರೆ ಒಂದಿಷ್ಟೂ ಹುಳಿಯಿಲ್ಲದ ಪಾಲಕ್‌ನಲ್ಲಿ ಆಕ್ಸಲೇಟ್ ತುಂಬಿ ತುಳುಕುತ್ತಿದೆ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 600ರಿಂದ 1000 ಮಿಲಿಗ್ರಾಂ. ಪಾಲಕ್ ತಿಂದಾಗ ಹಲ್ಲಿನ ಮೇಲೆ ಸುಣ್ಣ ಸವರಿದ ಹಾಗೆ, ನಾಲಿಗೆ ಆಡಿಸಿದರೆ ಕಿರ್ ಎಂದ ಹಾಗೆ ಅನಿಸುತ್ತದಲ್ಲ, ಅದು ಆಕ್ಸಲೇಟಿನ ಆಟವೇ. ರಾಜಗಿರಿಯಲ್ಲೂ ಇದು ಸಾಕಷ್ಟಿದೆ. ಕೆಸುವಿನ ಎಲೆ ಗಂಟಲು ಕೆರೆಯುವುದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು.

ಇನ್ನು, ಬೀಜದಿಂದಲೇ ಕಲ್ಲಾಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ದೂರವಿಡುವ ಟೊಮೆಟೊದಲ್ಲಿ 100 ಗ್ರಾಂಗೆ ಹತ್ತಿಪ್ಪತ್ತು ಮಿಲಿಗ್ರಾಂ ದಾಟುವುದೂ ಅಪರೂಪ. ಟೊಮೆಟೊ ಬಿಟ್ಟು ದಿನಾ ಪಾಲಕ್ ಜ್ಯೂಸ್ ಕುಡಿಯುವವರನ್ನು ನಾವು ನೋಡಿದ್ದೇವೆ. ಬೀಜಕ್ಕೂ ಕಿಡ್ನಿ ಕಲ್ಲಿಗೂ ಸಂಬಂಧವೇ ಇಲ್ಲ. ಕಲ್ಲು ಮೂತ್ರದಲ್ಲಿ ಕರಗಿರುವ ಲವಣಗಳು ಹೆಪ್ಪುಗಟ್ಟಿ ಆಗುವುದು, ಹೊಟ್ಟೆಗೆ ಹೋದ ಬೀಜ ಕಿಡ್ನಿಗೆ ಹೋಗುವ ದಾರಿಯೇ ಇಲ್ಲ.

ಜೀವಕ್ಕೆ ಅಪಾಯ ಎನ್ನುವಷ್ಟು ಆಕ್ಸಾಲಿಕ್ ಆಮ್ಲ ಎಷ್ಟು? ದೊಡ್ಡವರಿಗೆ 15ರಿಂದ 30 ಗ್ರಾಂ ಎಂಬ ಅಂದಾಜಿದೆ, ಅದಕ್ಕಿಂತ ಕಡಿಮೆಯಲ್ಲೂ ಸಾವು ಸಂಭವಿಸಿದ್ದುಂಟು. ನಾಲ್ಕು ಜನರ ಮನೆಯಲ್ಲಿ ಅರ್ಧ ಕಿಲೋ ಪಾಲಕ್ ಪಲ್ಲೆ ಮಾಡಿದರೆ ಒಬ್ಬರ ಪಾಲಿಗೆ ಹೆಚ್ಚೆಂದರೆ ಒಂದು ಗ್ರಾಂ ಸುಮಾರು ಬರುತ್ತದೆ. ಅದೂ ಹಸಿ ಸೊಪ್ಪಿನ ಲೆಕ್ಕ. ಅದರಲ್ಲಿ ಕರುಳು ಹೀರಿಕೊಳ್ಳುವುದು ಸಣ್ಣ ಪಾಲನ್ನಷ್ಟೇ, ಉಳಿದದ್ದು ಮಲದಲ್ಲಿ ಹೋಗುತ್ತದೆ. ಅಂದಹಾಗೆ ನಮ್ಮ ದೇಹ ತಾನೇ ದಿನಾ ಒಂದಿಷ್ಟು ಆಕ್ಸಲೇಟ್ ತಯಾರಿಸುತ್ತದೆ. ಸೊಪ್ಪನ್ನೇ ಮುಟ್ಟದವರ ಮೂತ್ರದಲ್ಲೂ ಅದು ಇದ್ದೇ ಇರುತ್ತದೆ.

ಹೂ ಬಂದಾಗ ಗಿಡದಲ್ಲಿ ಏನಾಗುತ್ತದೆ?

ಚುಕ್ಕಿ ಚಳಿಗಾಲದ ಬೆಳೆ. ಹಿಂಗಾರಿನಲ್ಲಿ, ಅಕ್ಟೋಬರ್ ನವೆಂಬರಿನಲ್ಲಿ ಬೀಜ ಚೆಲ್ಲಿದರೆ ಒಂದೂವರೆ ತಿಂಗಳಲ್ಲಿ ಎಲೆ ಕೀಳಲು ಬರುತ್ತದೆ. ಎಲೆ ದಪ್ಪ, ರಸಭರಿತ, ಎಳೆಯದಾಗಿದ್ದಾಗ ಹಾಗೇ ಬಾಯಿಗೆ ಹಾಕಿಕೊಳ್ಳಬೇಕೆನಿಸುವಂಥದ್ದು. ಫೆಬ್ರುವರಿ ಮಾರ್ಚ್ ಹೊತ್ತಿಗೆ ಬಿಸಿಲು ಏರಿತೆಂದರೆ ನಡುವಿನಿಂದ ಕಡ್ಡಿ ಎದ್ದು, ತೆಳು ಕಾಗದದಂಥ ನಸುಗೆಂಪು ರೆಕ್ಕೆಯ ಕಾಯಿಗಳು ಗೊಂಚಲಾಗಿ ಬರುತ್ತವೆ. ನೋಡಲು ಹೂವಿಗಿಂತ ಚೆಂದ. ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ತಿರುಗಿಸಿದ ಸೂಚನೆ ಅದು.

ಪುಂಡಿಯದು ಬೇರೆ ಗಡಿಯಾರ. ಮುಂಗಾರಿನಲ್ಲಿ ಬಿತ್ತಿದ ಪುಂಡಿ ಮಳೆಗಾಲ ಪೂರ್ತಿ ಎಲೆ ಕೊಡುತ್ತದೆ. ಹಗಲು ಗಿಡ್ಡವಾಗುತ್ತ ಬಂದಂತೆ, ಅಕ್ಟೋಬರ್ ನವೆಂಬರಿನಲ್ಲಿ, ಹೂವಿಗೆ ತಿರುಗುತ್ತದೆ. ಎಷ್ಟು ನೀರು ಗೊಬ್ಬರ ಕೊಟ್ಟರೂ ತಡೆಯಲಾಗದು, ಅದು ಸೂರ್ಯನ ಲೆಕ್ಕ ನೋಡುವ ಗಿಡ.

ಈ ಹಂತದಲ್ಲಿ ಎಲೆ ಸಣ್ಣದಾಗುತ್ತದೆ, ನಾರು ಹೆಚ್ಚುತ್ತದೆ, ರುಚಿ ಒರಟಾಗುತ್ತದೆ. ಆಕ್ಸಲೇಟ್ ಪ್ರಮಾಣ ಎಲೆಯ ವಯಸ್ಸು, ತಳಿ, ಮಣ್ಣು, ಗೊಬ್ಬರಕ್ಕೆ ತಕ್ಕಂತೆ ಮೇಲೆ ಕೆಳಗೆ ಆಗುತ್ತದೆ ನಿಜ. ರೂಬಾರ್ಬ್ ದಂಟಿನಲ್ಲೂ ಋತು ಮುಂದುವರಿದಂತೆ ಅದು ಸ್ವಲ್ಪ ಏರುತ್ತದೆ. ಆದರೆ ಹೂ ಬಿಟ್ಟ ಬೆಳಿಗ್ಗೆ ಸ್ವಿಚ್ ಹಾಕಿದಂತೆ ಪಲ್ಲೆ ವಿಷವಾಗುವಂಥ ಜಿಗಿತ ಏನೂ ಇಲ್ಲ. ರೂಬಾರ್ಬನ್ನು ಬೇಸಿಗೆಯ ನಡುವೆ ಕೀಳುವುದು ನಿಲ್ಲಿಸಿ ಎಂದು ಇಂಗ್ಲೆಂಡಿನ ತೋಟಗಾರರು ಹೇಳುವುದಕ್ಕೂ ಮುಖ್ಯ ಕಾರಣ ಬೇರೆಯೇ. ಎಲ್ಲ ಎಲೆ ಕಿತ್ತರೆ ಬೇರಿಗೆ ಆಹಾರ ಸಿಗದೆ ಮುಂದಿನ ವರ್ಷದ ಬೆಳೆ ಸೊರಗುತ್ತದೆ ಎಂಬುದು ಅವರ ಚಿಂತೆ. ಗಿಡ ಉಳಿಸಿಕೊಳ್ಳಲು ಹುಟ್ಟಿದ ಆ ನಿಯಮ ಬಾಯಿಂದ ಬಾಯಿಗೆ ದಾಟುತ್ತ ಅಲ್ಲಿಯೂ ವಿಷದ ಕತೆಯಾಗಿದೆ. ಅಲ್ಲಿಗೆ ಫಾರ್ವರ್ಡು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ.

ಅಡುಗೆಮನೆ ಆಗಲೇ ಕಂಡುಕೊಂಡದ್ದು

ಪುಂಡಿ ಪಲ್ಲೆ ಮಾಡುವ ಕ್ರಮವನ್ನು ಒಮ್ಮೆ ನೆನಪಿಸಿಕೊಳ್ಳಿ. ಎಲೆ ಬಿಡಿಸಿ, ತೊಳೆದು, ನೀರಿನಲ್ಲಿ ಕುದಿಸಿ, ಆ ನೀರು ಬಸಿದು, ಸೊಪ್ಪು ಹಿಂಡಿ, ಆಮೇಲೆ ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಸೇರಿಸಿ ಬೇಯಿಸಿ, ಬಳ್ಳೊಳ್ಳಿ ಒಗ್ಗರಣೆ. ನೀರು ಬಸಿಯುವುದು ಹುಳಿ ಕಡಿಮೆ ಮಾಡಲಿಕ್ಕೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಅದೇ ನೀರಿನಲ್ಲಿ ಕರಗುವ ಆಕ್ಸಲೇಟೂ ಹೊರಗೆ ಹೋಗುತ್ತದೆ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಹಲವು ತರಕಾರಿಗಳನ್ನು ಬೇಯಿಸಿ ಅಳೆದಾಗ, ನೀರಿನಲ್ಲಿ ಕುದಿಸುವುದರಿಂದ ಕರಗುವ ಆಕ್ಸಲೇಟ್ ಶೇ. 30ರಿಂದ 87ರಷ್ಟು ಇಳಿಯಿತು. ಹಬೆಯಲ್ಲಿ ಬೇಯಿಸಿದಾಗ ಇಳಿದದ್ದು ಶೇ. 5ರಿಂದ 53. ಅಂದರೆ ಕುಕ್ಕರಿನಲ್ಲಿ ಬೇಳೆಯ ಜೊತೆಗೇ ಸೊಪ್ಪು ಹಾಕಿ ಸೀಟಿ ಹೊಡೆಸಿದರೆ ಆಕ್ಸಲೇಟ್ ಎಲ್ಲಿಯೂ ಹೋಗುವುದಿಲ್ಲ, ಸಾರಿನಲ್ಲೇ ಇರುತ್ತದೆ. ಬಸಿದು ಚೆಲ್ಲಬೇಕು. ಚೆಲ್ಲುವಾಗ ಒಂದಿಷ್ಟು ಸಿ ಜೀವಸತ್ವ, ಫೋಲೇಟ್ ಕೂಡ ಹೋಗುತ್ತದೆ. ಆರೋಗ್ಯವಂತರು ಎಳೆ ಸೊಪ್ಪನ್ನು ಪ್ರತಿಸಲವೂ ಬಸಿದು ಚೆಲ್ಲಲೇಬೇಕೆಂದಿಲ್ಲ. ಋತುವಿನ ಕೊನೆಯ ಒರಟು ಸೊಪ್ಪಿಗೆ, ಕಲ್ಲಿನ ತೊಂದರೆ ಇರುವವರ ಮನೆಗೆ ಇದು ಒಳ್ಳೆಯ ಪದ್ಧತಿ. ಬಿಸಿಲಿಗೆ ಒಣಗಿಸಿದರೆ ಮಾತ್ರ ಆಕ್ಸಲೇಟ್ ಹೋಗುವುದಿಲ್ಲ, ಹೋಗುವುದು ಬರೀ ನೀರು.

ಎರಡನೆಯದು ಮೊಸರು. ರೊಟ್ಟಿ, ಪುಂಡಿ ಪಲ್ಲೆ, ಪಕ್ಕದಲ್ಲಿ ಗಟ್ಟಿ ಮೊಸರು ಇರುವ ತಟ್ಟೆ ರುಚಿಗಷ್ಟೇ ಹುಟ್ಟಿದ್ದಲ್ಲವೇನೋ ಎನಿಸುವಷ್ಟು ಸರಿಯಾಗಿದೆ. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಹಿಡಿದದ್ದು ಕರಗದ ಹರಳಾಗಿ ಮಲದಲ್ಲಿ ಹೋಗುತ್ತದೆ, ರಕ್ತಕ್ಕೂ ಕಿಡ್ನಿಗೂ ಬರುವುದಿಲ್ಲ. ಪಾಲಕ್ ಪನೀರ್ ಜೊತೆಯಾಗಿ ತಿನ್ನಬಾರದು ಎಂಬ ಇನ್ನೊಂದು ಜನಪ್ರಿಯ ಫಾರ್ವರ್ಡ್ ಇದೆಯಲ್ಲ, ಅದರ ಕತೆಯೂ ಇಷ್ಟೇ. ಪನೀರಿನ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ ಎಂಬುದು ನಿಜ. ಆದರೆ ಕಿಡ್ನಿ ಕಲ್ಲಿನ ಮಟ್ಟಿಗೆ ಪಾಲಕನ್ನು ಪನೀರಿನ ಜೊತೆ ತಿನ್ನುವುದು ಬರೀ ಪಾಲಕ್ ತಿನ್ನುವುದಕ್ಕಿಂತ ಲೇಸು.

ಕಲ್ಲು ಇದೆ ಎಂದ ಕೂಡಲೇ ಹಾಲು ಮೊಸರು ಬಿಡುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಕ್ಯಾಲ್ಸಿಯಂ ಬಿಟ್ಟರೆ ಕಲ್ಲು ಬರುವುದಿಲ್ಲ ಎಂಬ ತರ್ಕ. ಕೇಳಲು ಸರಿ, ಅಳೆದು ನೋಡಿದಾಗ ತಪ್ಪು. 1993ರಲ್ಲಿ ಅಮೆರಿಕದಲ್ಲಿ 45,619 ಗಂಡಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಊಟದಲ್ಲಿ ಹೆಚ್ಚು ಕ್ಯಾಲ್ಸಿಯಂ ತಿಂದವರಿಗೆ ಕಲ್ಲಾಗುವ ಸಾಧ್ಯತೆ, ಕಡಿಮೆ ತಿಂದವರಿಗಿಂತ ಸುಮಾರು ಮೂರನೇ ಒಂದು ಪಾಲಿನಷ್ಟು ಕಡಿಮೆ ಇತ್ತು. 2002ರಲ್ಲಿ ಇಟಲಿಯಿಂದ ಇನ್ನೂ ನೇರವಾದ ಪರೀಕ್ಷೆಯ ಫಲಿತಾಂಶ ಬಂತು. ಮತ್ತೆ ಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕ್ಯಾಲ್ಸಿಯಂ ಕಡಿಮೆ ಮಾಡಿದ ಊಟ, ಇನ್ನೊಂದಕ್ಕೆ ಕ್ಯಾಲ್ಸಿಯಂ ಮಾಮೂಲಾಗಿಟ್ಟು ಉಪ್ಪು ಮತ್ತು ಮಾಂಸದ ಪ್ರೋಟೀನ್ ತಗ್ಗಿಸಿದ ಊಟ ಹೇಳಿದರು. ಐದು ವರ್ಷದಲ್ಲಿ ಮೊದಲ ಗುಂಪಿನ 60 ಜನರಲ್ಲಿ 23 ಮಂದಿಗೆ, ಎರಡನೆಯ ಗುಂಪಿನ 60ರಲ್ಲಿ 12 ಮಂದಿಗೆ ಮತ್ತೆ ಕಲ್ಲಾಯಿತು.

ಕಮರಿಪೇಟೆಯ ಸಾವಜಿ ಮನೆಗಳವರು ಇಲ್ಲಿ ನಗಬಹುದು. ಉಪ್ಪು ಖಾರ ಮುಂದಾದ ಮಟನ್ ಸಾರನ್ನು ಯಾರೂ ಅನುಮಾನಿಸುವುದಿಲ್ಲ, ಬೈಗುಳ ಬೀಳುವುದು ತಟ್ಟೆಯ ಮೂಲೆಯ ಪಲ್ಲೆಗೆ. ಊರಿನ ಹೆಮ್ಮೆಯ ಅಡುಗೆಯನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಕಲ್ಲಿನ ಕಾಟ ಇರುವವರು ಮೊದಲು ಲೆಕ್ಕ ಹಾಕಬೇಕಾದದ್ದು ದಿನದ ಉಪ್ಪು, ಉಪ್ಪಿನಕಾಯಿ, ಹಪ್ಪಳ, ವಾರದ ಮಾಂಸ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಿರಿ ಎಂಬುದು ಕಲ್ಲಾದವರಿಗೆ ವೈದ್ಯರು ಕೊಡುವ ಸಲಹೆ. ನಳಕ್ಕೆ ದಿನ ಬಿಟ್ಟು ದಿನಗಟ್ಟಲೆ ನೀರು ಬಾರದ ಊರಿನಲ್ಲಿ, ಮಾರ್ಚ್ ಏಪ್ರಿಲಿನ ಬಿಸಿಲಲ್ಲಿ ದುಡಿಯುವವರು ಅಷ್ಟು ಕುಡಿಯುತ್ತಾರೆಯೇ? ಚುಕ್ಕಿ ಹೂ ಬಿಡುವ ಕಾಲಕ್ಕೇ ಬಿಸಿಲೂ ಏರುತ್ತದೆ, ನೀರು ಕುಡಿಯುವುದು ಸಾಲದೇ ಹೋಗುತ್ತದೆ, ಕಲ್ಲಿನ ನೋವಿನವರು ಆಸ್ಪತ್ರೆಗೆ ಬರುತ್ತಾರೆ. ಹೂವಿಗೆ ಹೆಸರು ಕೆಡಲು ಈ ಕಾಕತಾಳೀಯ ಸಾಕು.

ನಿಜವಾದ ಅಪಾಯ ಗ್ಲಾಸಿನಲ್ಲಿದೆ

ಆಕ್ಸಲೇಟಿನಿಂದ ಕಿಡ್ನಿ ಕೆಡುವುದು ಕಟ್ಟುಕತೆ ಎಂದು ಯಾರೂ ತಿಳಿಯಬಾರದು. ನಮ್ಮ ಪಕ್ಕದ ಕೇರಳದಲ್ಲೇ ಆಗಿದೆ. ಬಿಂಬುಳಿ ಕಾಯಿ ನಮ್ಮ ಕರಾವಳಿಯಲ್ಲೂ ಮೀನುಸಾರಿಗೆ, ಉಪ್ಪಿನಕಾಯಿಗೆ ಬಳಕೆಯಾಗುವ ಹುಳಿ. ತಲೆಮಾರುಗಳಿಂದ ತಿನ್ನುತ್ತಿದ್ದಾರೆ, ಏನೂ ಆಗಿಲ್ಲ. ಆದರೆ ಅದರ ಹಸಿ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬ ಮನೆಮದ್ದಿನ ನಂಬಿಕೆ ಹರಡಿತು. ಹಾಗೆ ಕುಡಿದು ಕಿಡ್ನಿಗೆ ತೀವ್ರ ಪೆಟ್ಟು ತಿಂದ 10 ರೋಗಿಗಳ ವಿವರ, ಕೇರಳದ 5 ಆಸ್ಪತ್ರೆಗಳಿಂದ ಸಂಗ್ರಹವಾಗಿ 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಪ್ರಕಟವಾಯಿತು. ಹಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಅದೇ ಕಾಯಿ, ಸಾರಿನಲ್ಲಿ ಎರಡು ಬಿದ್ದರೆ ರುಚಿ, ಗ್ಲಾಸಿಗೆ ಹಿಂಡಿದರೆ ಡಯಾಲಿಸಿಸ್. ಬೇಯಿಸಿ ಬಸಿದಿಲ್ಲ, ಜೊತೆಗೆ ಮೊಸರಿಲ್ಲ, ಬಾಯಿ ಬೇಡ ಎನ್ನುವ ಮೊದಲೇ ದೊಡ್ಡ ಪ್ರಮಾಣ ಒಳಗೆ ಹೋಗಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲಕ್ ರಸ, ಹಸಿರು ಸ್ಮೂದಿ ಕುಡಿಯಿರಿ ಎಂಬ ಮೆಸೇಜುಗಳನ್ನು ನಾವು ಚುಕ್ಕಿಯ ಮೆಸೇಜಿಗಿಂತ ಹೆಚ್ಚು ಅನುಮಾನದಿಂದ ನೋಡುತ್ತೇವೆ. ವಿದೇಶಗಳಲ್ಲಿ ಇಂಥ ಹಸಿರು ಸ್ಮೂದಿಯಿಂದ ಕಿಡ್ನಿ ಕೆಟ್ಟ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಸೊಪ್ಪು ಒಳ್ಳೆಯದು, ರಸ ಇನ್ನೂ ಒಳ್ಳೆಯದಿರಬೇಕು ಎಂಬ ಊಹೆಯೇ ಇಲ್ಲಿ ಕೈಕೊಡುತ್ತದೆ.

ಇದೇ ಸಾಲಿನಲ್ಲಿ ಇನ್ನೆರಡು ಸೇರಿಸಬೇಕು. ಕಮರಾಕ್ಷಿ ಅಥವಾ ನಕ್ಷತ್ರ ಹಣ್ಣಿನಲ್ಲಿ ಆಕ್ಸಲೇಟಿನ ಜೊತೆಗೆ ಮಿದುಳಿಗೆ ತಾಗುವ ಇನ್ನೊಂದು ವಿಷವಸ್ತು ಇದೆ, ಬ್ರೆಜಿಲ್ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಕಿಡ್ನಿ ಸೋತವರು ಆ ಹಣ್ಣನ್ನು ಮುಟ್ಟಲೇಬಾರದು. ಇನ್ನೊಂದು, ಕೋವಿಡ್ ಕಾಲದಿಂದ ಅಭ್ಯಾಸವಾಗಿ ಉಳಿದ ವಿಟಮಿನ್ ಸಿ ಗುಳಿಗೆ. ದೇಹ ಹೆಚ್ಚುವರಿ ಸಿ ಜೀವಸತ್ವದ ಒಂದು ಭಾಗವನ್ನು ಆಕ್ಸಲೇಟ್ ಮಾಡುತ್ತದೆ. ಸ್ವೀಡನ್ನಿನಲ್ಲಿ 23,355 ಗಂಡಸರನ್ನು ಹನ್ನೊಂದು ವರ್ಷ ಗಮನಿಸಿದಾಗ, ಬರೀ ಆ ಗುಳಿಗೆ ನುಂಗುತ್ತಿದ್ದವರಲ್ಲಿ ಕಲ್ಲಿನ ತೊಂದರೆ ಸುಮಾರು ಎರಡು ಪಟ್ಟು ಕಂಡಿತು. ದಿನಾ ಗುಳಿಗೆ ನುಂಗಿ ಚುಕ್ಕಿ ಪಲ್ಲೆಗೆ ಹೆದರುವುದರಲ್ಲಿ ಅರ್ಥವಿಲ್ಲ.

ಯಾರು ಎಚ್ಚರ ವಹಿಸಬೇಕು? ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಪದೇಪದೇ ಆಗುವವರು, ಕಿಡ್ನಿಯ ಕೆಲಸ ತಗ್ಗಿದೆ ಎಂದು ವೈದ್ಯರು ಹೇಳಿರುವವರು, ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಕಿಡ್ನಿ ಸೋತವರಿಗೆ ಸೊಪ್ಪಿನ ಪೊಟ್ಯಾಸಿಯಂ ಕೂಡ ತೊಂದರೆ. ಇವರು ಎಷ್ಟು ತಿನ್ನಬಹುದೆಂಬುದನ್ನು ತಮ್ಮ ರಿಪೋರ್ಟ್ ನೋಡಿದ ವೈದ್ಯರನ್ನೇ ಕೇಳಬೇಕು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸುವುದಾಗಲಿ ಬಿಡುವುದಾಗಲಿ ಮಾಡಬಾರದು, ಅದು ಕೆ ಜೀವಸತ್ವದ ಕಾರಣಕ್ಕೆ. ಉಳಿದವರು ವಾರಕ್ಕೆರಡು ಸಲ ಹುಳಿ ಪಲ್ಲೆ ತಿಂದರೆ ಹೆದರುವಂಥದ್ದೇನೂ ಇಲ್ಲ.

ಸೊಪ್ಪು ಬೆಳೆದ ನೀರು ಯಾವುದು?

ಹೂವಿನ ಬಗ್ಗೆ ಕೇಳುವ ಬದಲು ಹುಬ್ಬಳ್ಳಿ ಧಾರವಾಡದವರು ಕೇಳಬೇಕಾದ ಪ್ರಶ್ನೆ ಇದು ಎಂದು ನಮಗನಿಸುತ್ತದೆ. ಬೇಸಿಗೆ ಹತ್ತಿರವಾದಂತೆ ಬಾವಿ ಬೋರು ಬತ್ತುತ್ತವೆ, ಊರ ಕೊಳಚೆ ಹೊತ್ತ ನಾಲಾ ಮಾತ್ರ ಹರಿಯುತ್ತಲೇ ಇರುತ್ತದೆ. ಅವಳಿ ನಗರದ ಸುತ್ತಲಿನ ರೈತರು ಶುದ್ಧೀಕರಿಸದ ಆ ನೀರನ್ನೇ ಹಾಯಿಸಿ ತರಕಾರಿ ಬೆಳೆಯುವುದನ್ನು ಬ್ರಿಟನ್ನಿನ ಸಂಶೋಧಕರು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೊಂದಿಗೆ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ್ದರು. ರೈತರಿಗೆ ಅದು ಬೇಸಿಗೆಯಲ್ಲೂ ಬೆಳೆ ಕೊಡುವ, ಗೊಬ್ಬರದ ಖರ್ಚು ಉಳಿಸುವ ನೀರು. ಜೊತೆಗೆ ಕೀಟದ ಕಾಟ, ಅದಕ್ಕೆ ಔಷಧಿ ಸಿಂಪಡಣೆ, ನೀರಿನಲ್ಲಿ ಕಾಲಿಟ್ಟು ದುಡಿಯುವವರ ಆರೋಗ್ಯದ ಪ್ರಶ್ನೆಗಳೂ ಅದರಲ್ಲಿದ್ದವು. ಯಾವ ಕಟ್ಟು ಯಾವ ಹೊಲದ್ದು ಎಂದು ದುರ್ಗದಬೈಲಿನಲ್ಲೋ ಜನತಾ ಬಜಾರಿನಲ್ಲೋ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

ಅದಕ್ಕೇ ಮಾರುಕಟ್ಟೆಯ ಸೊಪ್ಪನ್ನು ಬೇರು ಕತ್ತರಿಸಿ, ದೊಡ್ಡ ಪಾತ್ರೆಯ ನೀರಲ್ಲಿ ಮುಳುಗಿಸಿ, ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲಿನಿಂದ ಎತ್ತಿಕೊಂಡು, ಎರಡು ಮೂರು ಸಲ ನೀರು ಬದಲಿಸಿ ತೊಳೆಯಬೇಕು. ಚೆನ್ನಾಗಿ ಬೇಯಿಸಿದರೆ ರೋಗಾಣು, ಜಂತುವಿನ ಮೊಟ್ಟೆ ಸಾಯುತ್ತವೆ. ಚುಕ್ಕಿಯ ಎಳೆ ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳುವ ಆಸೆಯನ್ನು ಮನೆಯ ಕುಂಡದ ಎಲೆಗೆ ಮೀಸಲಿಡಿ. ಮಾಳಿಗೆಯ ನಾಲ್ಕು ಕುಂಡಗಳ ನಿಜವಾದ ಬೆಲೆ ಇರುವುದು ಇಲ್ಲೇ. ನೀರು ಯಾವುದು, ಏನು ಸಿಂಪಡಿಸಿದ್ದೀರಿ ಎಂಬುದು ನಿಮಗೆ ಗೊತ್ತು. ಅಂಥ ಸೊಪ್ಪನ್ನು ಹೂ ಬಂತೆಂದು ಎಸೆದು, ಪೇಟೆಯಿಂದ ಗೊತ್ತಿಲ್ಲದ ಕಟ್ಟು ತರುವುದು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ಕೊನೆಯ ಕೊಯ್ಲು ಹೇಗೆ?

ಚುಕ್ಕಿಯನ್ನು ಋತುವಿನುದ್ದಕ್ಕೂ ಹೊರಗಿನ ದೊಡ್ಡ ಎಲೆಯಿಂದ ಕಿತ್ತುಕೊಳ್ಳುತ್ತ, ನಡುವಿನ ಚಿಗುರನ್ನು ಬಿಡುತ್ತ ಬಂದರೆ ಹೆಚ್ಚು ದಿನ ಬರುತ್ತದೆ. ಕಡ್ಡಿ ಏಳುವುದು ಕಂಡ ಕೂಡಲೇ ಚಿವುಟಿದರೆ ಇನ್ನೊಂದೆರಡು ವಾರ ಎಲೆ ಸಿಗಬಹುದು. ಕುಂಡವನ್ನು ಮಧ್ಯಾಹ್ನದ ಬಿಸಿಲಿನಿಂದ ಸರಿಸಿ ನೆರಳಿಗಿಟ್ಟರೂ ಅಷ್ಟೇ ಉಪಕಾರ. ಕಡ್ಡಿ ಬಲಿತ ಮೇಲೆ ದಂಟು ಬಿಟ್ಟು ಎಲೆ ಮಾತ್ರ ಬಿಡಿಸಿಕೊಳ್ಳಿ. ಹಳದಿ ತಿರುಗಿದ್ದು, ಹುಳು ತಿಂದು ಲೋಳೆಯಾದದ್ದು ಗೊಬ್ಬರದ ಗುಂಡಿಗೆ ಹೋಗಲಿ. ಕೊನೆಯ ಎಲೆಯನ್ನು ಕುದಿಸಿ, ಬಸಿದು, ತೊಗರಿಬೇಳೆಯೊಂದಿಗೆ ಕಡೆದರೆ ನಾರು ಗೊತ್ತಾಗುವುದಿಲ್ಲ.

ಪುಂಡಿಯಲ್ಲಿ ಹೂವಿನ ಕಾಲ ನಷ್ಟವೂ ಅಲ್ಲ. ಎಲೆ ಒರಟಾದ ಹೊತ್ತಿಗೆ ಕೆಂಪು ಪುಂಡಿಯ ದಪ್ಪ ಪುಷ್ಪಪಾತ್ರೆ ತಯಾರಾಗುತ್ತದೆ. ಒಳಗಿನ ಬೀಜದ ಕಾಯಿ ತೆಗೆದು ಅದನ್ನು ಚಟ್ನಿಗೆ, ಶರಬತ್ತಿಗೆ ಬಳಸಬಹುದು. ಬಲಿತ ಎಲೆಗೆ ಚಟ್ನಿಯೇ ಸರಿಯಾದ ದಾರಿ. ಶೇಂಗಾ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಕುಟ್ಟಿ, ಮೇಲೆ ಎಣ್ಣೆ ನಿಲ್ಲುವಂತೆ ಇಟ್ಟರೆ ಕೆಲವು ದಿನ ರೊಟ್ಟಿಗೆ ಆಗುತ್ತದೆ. ನೀರಿನಂಶ ಉಳಿದರೆ ಬೂಸು ಹಿಡಿಯುತ್ತದೆ, ಹಿಡಿದದ್ದನ್ನು ಮೇಲಿನಿಂದ ತೆಗೆದು ತಿನ್ನಬೇಡಿ.

ಪಾತ್ರೆಯ ವಿಷಯ ಹೇಳಲೇಬೇಕು. ಹುಳಿ ಸೊಪ್ಪನ್ನು ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಬೇಯಿಸಬೇಡಿ, ಅಲ್ಯುಮಿನಿಯಂ ಡಬ್ಬಿಯಲ್ಲಿ ಚಟ್ನಿ ತುಂಬಿಡಬೇಡಿ. ಆಕ್ಸಾಲಿಕ್ ಆಮ್ಲವನ್ನು ತುಕ್ಕು ಕಲೆ ತೆಗೆಯಲು ಬಳಸುತ್ತಾರೆ, ಲೋಹವನ್ನು ಅದು ಕರಗಿಸಿಕೊಳ್ಳುತ್ತದೆ. ಸ್ಟೀಲು, ಮಣ್ಣಿನ ಗಡಿಗೆ, ಗಾಜು, ಪಿಂಗಾಣಿ ಸರಿ.

ಎಲ್ಲ ಗಿಡವನ್ನೂ ಚಿವುಟಬೇಡಿ. ಎರಡು ಮೂರು ಒಳ್ಳೆಯ ಚುಕ್ಕಿ ಗಿಡಗಳನ್ನು ಹೂ ಕಾಯಿಗೆ ಬಿಟ್ಟು, ರೆಕ್ಕೆಗಳು ಪೂರಾ ಒಣಗಿ ಕಂದು ತಿರುಗಿದ ಮೇಲೆ ಗೊಂಚಲು ಕತ್ತರಿಸಿ, ನೆರಳಲ್ಲಿ ಇನ್ನೊಂದು ವಾರ ಒಣಗಿಸಿ, ಉಜ್ಜಿ ಬೀಜ ಬಿಡಿಸಿಕೊಳ್ಳಿ. ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಹೆಸರು ವರ್ಷ ಬರೆದು, ಒಣ ಡಬ್ಬಿಯಲ್ಲಿಟ್ಟರೆ ಅಕ್ಟೋಬರಿಗೆ ಬಿತ್ತಲು ಬರುತ್ತದೆ. ಹೂ ಬಿಟ್ಟ ಗಿಡ ವಿಷ ಎಂದು ಮೆಸೇಜು ಕಳಿಸಿದವರಿಗೂ ಒಂದು ಚಿಟಿಕೆ ಕೊಡಬಹುದು.